ಟರ್ಬೊ ಹಾಕಿಸುವ ಮುನ್ನ ಜೈನಾಬಕ್ಕನನ್ನು ಕೇಳಿ

ಬೆಳಗಿನ ಐದೂ ಮುಕ್ಕಾಲು. ಯಶವಂತಪುರದ ಗೂಡ್ಸ್ ಯಾರ್ಡಿನ ಹಿಂದಿನ ಗಲ್ಲಿಯಲ್ಲಿ ಟೀ ಅಂಗಡಿಯವನು ಇನ್ನೂ ಹಾಲಿನ ಪ್ಯಾಕೆಟ್ಟು ಕತ್ತರಿಸುತ್ತಿದ್ದಾನೆ. ಅಷ್ಟರಲ್ಲೇ ಮೂಲೆಯ ತಗಡಿನ ಶೆಡ್ಡಿನ ಶಟರು ಅರ್ಧಕ್ಕೆ ಎದ್ದಿದೆ. ಒಳಗೆ ಕಬ್ಬಿಣದ ಮೇಜಿನ ಮೇಲೆ ಕಾರೊಂದರ ಎಂಜಿನ್ ಬ್ಲಾಕು ಕೂತಿದೆ. ಬ್ಲಾಕು ಅಂದರೆ ಎಂಜಿನ್ನಿನ ಒಡಲು. ಅದರ ನಾಲ್ಕು ಕೊಳವೆಗಳಲ್ಲಿ ಪಿಸ್ಟನ್ನುಗಳು ಏರಿಳಿಯುತ್ತವೆ. ಹಸಿರು ದುಪಟ್ಟಾವನ್ನು ತಲೆಗೆ ಬಿಗಿದು, ಸಲ್ವಾರಿನ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬರು ಮೂರನೇ ಕೊಳವೆಗೆ ಉದ್ದನೆಯ ಗೇಜು ಇಳಿಸಿ, ಮೇಲಿನ ಡಯಲ್ಲಿನ ಮುಳ್ಳನ್ನೇ ನೋಡುತ್ತಿದ್ದಾರೆ. ಗೇಜನ್ನು ಬರಿಗೈಯಲ್ಲಿ ಹಿಡಿದಿಲ್ಲ, ಬಟ್ಟೆ ಸುತ್ತಿ ಹಿಡಿದಿದ್ದಾರೆ. ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಗಡಗಡ ಹೊರಟಾಗ ಮುಳ್ಳು ನಡುಗುತ್ತದೆ. ಅವರು ಕೈ ಸಡಿಲಿಸಿ, ಕೊನೆಯ ಬೋಗಿ ದಾಟುವವರೆಗೂ ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಮತ್ತೆ ಮೊದಲಿನಿಂದ ಶುರು.

ಇವರು ಜೈನಾಬ್. ವಯಸ್ಸು ನಲವತ್ತೆಂಟು, ಮನೆ ಗಂಗಾನಗರದಲ್ಲಿ. ಅಣ್ಣ ಮುಜಫ್ಫರ್ ನಡೆಸುವ ಈ ಎಂಜಿನ್ ಶೆಡ್ಡಿನಲ್ಲಿ ಅವರದು ಒಂದೇ ಕೆಲಸ, ಅಳೆಯುವುದು. ಬಿಚ್ಚುವುದು, ಕೊರೆಯುವುದು, ಜೋಡಿಸುವುದು ಎಲ್ಲ ಬೇರೆಯವರದು. ಶೆಡ್ಡಿನ ಹೊರಗಿನ ಬೋರ್ಡಿನಲ್ಲಿ ಮುಜಫ್ಫರ್ ಹೆಸರಿದೆ. ಇಲ್ಲಿಂದ ಹೊರಡುವ ಪ್ರತಿ ಎಂಜಿನ್ನಿನ ತಲೆಯ ಮೇಲೆ ಅಂಟಿಸುವ ಸ್ಟಿಕ್ಕರಿನಲ್ಲೂ ಅದೇ ಹೆಸರು. ಆದರೆ ಉತ್ತರ ಬೆಂಗಳೂರಿನ ಮೆಕ್ಯಾನಿಕ್ಕುಗಳು ತಮ್ಮತಮ್ಮಲ್ಲಿ ಮಾತಾಡುವಾಗ ಮುಜಫ್ಫರ್ ಏನಂದರು ಎಂದು ಕೇಳುವುದಿಲ್ಲ. "ಅಕ್ಕ ಅಳತೆ ನೋಡಿದ್ರಾ?" ಅನ್ನುತ್ತಾರೆ.

ಇಷ್ಟು ಬೆಳಿಗ್ಗೆ ಯಾಕೆ ಅಂದರೆ ಕಬ್ಬಿಣಕ್ಕೂ ಸೆಖೆ ಆಗುತ್ತದೆ. ಬಿಸಿಯಾದರೆ ಹಿಗ್ಗುತ್ತದೆ, ಅಳತೆ ಸುಳ್ಳಾಗುತ್ತದೆ. ತಗಡಿನ ಸೂರಿಗೆ ಬಿಸಿಲು ಬಿದ್ದರೆ ಎಂಟು ಗಂಟೆಗೆಲ್ಲ ಶೆಡ್ಡು ಕಾವಲಿ. ಅದಕ್ಕೇ ಜೈನಾಬ್ ಹಿಂದಿನ ಸಂಜೆಯೇ ಬ್ಲಾಕನ್ನೂ ಗೇಜನ್ನೂ ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೋಗುತ್ತಾರೆ. ಇದಕ್ಕೆ ಅವರು ಹೇಳುವುದು "ಮಲಗಿಸೋದು" ಅಂತ. "ಜೊತೆಗೆ ಮಲಗಿದ್ರೆ ಇಬ್ರ ಮೈಬಿಸಿನೂ ಒಂದೇ ಇರುತ್ತೆ. ಆಗ ಇಬ್ರೂ ಸುಳ್ಳು ಹೇಳಲ್ಲ" ಎಂದು ನಗುತ್ತಾರೆ. ಅಳತೆ ಮುಗಿಯುವ ತನಕ ಒಳಗೆ ಯಾರಿಗೂ ಪ್ರವೇಶವಿಲ್ಲ, ಸ್ವಂತ ಅಣ್ಣನಿಗೂ.

ಹಾಗಾಗಿ ಮುಜಫ್ಫರ್ ಹೊರಗೆ, ಮಗುಚಿಟ್ಟ ಆಯಿಲ್ ಡಬ್ಬದ ಮೇಲೆ ಕುಕ್ಕರಿಸಿದ್ದಾರೆ. ಪಕ್ಕದಲ್ಲಿ ಉಗುರು ಕಚ್ಚುತ್ತ ನಿಂತವಳು ದಿವ್ಯ. ಮೇಜಿನ ಮೇಲಿರುವುದು ಅವಳ ಕಾರಿನ ಬ್ಲಾಕು. ಇಪ್ಪತ್ತಾರರ ದಿವ್ಯ ವಾರವೆಲ್ಲ ಆರ್‌ಟಿ ನಗರದ ಡ್ರೈವಿಂಗ್ ಸ್ಕೂಲೊಂದರಲ್ಲಿ ಕ್ಲಚ್ಚು ಬಿಡುವುದು ಹೇಗೆಂದು ಊರಿನವರಿಗೆ ಕಲಿಸುತ್ತಾಳೆ. ಭಾನುವಾರ ಬಂದರೆ ಮಣ್ಣಿನ ಬಯಲಿನಲ್ಲಿ ರೇಸ್ ಓಡಿಸುತ್ತಾಳೆ. ಗಂಟೆಗೆ ಇಪ್ಪತ್ತು ಕಿಲೋಮೀಟರು ದಾಟಬೇಡಿ ಎಂದು ಆರು ದಿನ ಬೈದು, ಏಳನೆಯ ದಿನ ತಾನೇ ಧೂಳೆಬ್ಬಿಸುವ ಹುಡುಗಿ.

ಐದು ವಾರ ಬಿಟ್ಟರೆ ಈ ಸಲದ ಕೊನೆಯ ರೇಸು. ಅದರಲ್ಲಿ ಮೊದಲ ಮೂರರೊಳಗೆ ಬಂದರೆ ಮುಂದಿನ ವರ್ಷ ತಂಡವೊಂದು ಅವಳನ್ನು ಸೇರಿಸಿಕೊಳ್ಳುತ್ತದೆ. ಬರದಿದ್ದರೆ ಇಲ್ಲ, ಇನ್ನೊಂದು ವರ್ಷ ಒಬ್ಬಳೇ ಕಾರು ಸಾಕುವ ತ್ರಾಣ ತನಗಿಲ್ಲ ಎಂದು ಅವಳಿಗೆ ಗೊತ್ತು. ತಿರುವುಗಳಲ್ಲಿ ಅವಳನ್ನು ಹಿಡಿಯುವವರಿಲ್ಲ. ಆದರೆ ನೇರ ದಾರಿ ಬಂದರೆ ಸಾಕು, ಅಲ್ಲಿ ಗಳಿಸಿದ್ದೆಲ್ಲ ಇಲ್ಲಿ ಸೋರಿಹೋಗುತ್ತದೆ. ಎದುರಾಳಿಗಳ ಕಾರುಗಳಲ್ಲೆಲ್ಲ ಟರ್ಬೊ ಇದೆ, ಅವಳದರಲ್ಲಿ ಇಲ್ಲ.

ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ತುರುಕುವ ಪುಟ್ಟ ಚಕ್ರ. ಹೊರಬೀಳುವ ಹೊಗೆಯ ರಭಸದಿಂದಲೇ ಅದು ತಿರುಗಿ, ಒಳಕ್ಕೆ ಹೆಚ್ಚು ಗಾಳಿ ನೂಕುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲು ಉರಿಯುತ್ತದೆ, ಕಸುವು ಹೆಚ್ಚುತ್ತದೆ. ಅದರ ಜೊತೆಗೇ ಒಳಗಿನ ಹೊಡೆತವೂ ಹೆಚ್ಚುತ್ತದೆ. ಟರ್ಬೊ ಇಲ್ಲದೆ ಹುಟ್ಟಿದ ಎಂಜಿನ್ನಿಗೆ ಅದನ್ನು ಹಾಕಬೇಕೆಂದರೆ ಎರಡೇ ದಾರಿ. ಇರುವುದನ್ನೇ ಬಿಚ್ಚಿ, ಗಟ್ಟಿ ಪಿಸ್ಟನ್ನು, ಅದನ್ನು ಹಿಡಿದಾಡಿಸುವ ಗಟ್ಟಿ ರಾಡು ಹಾಕಿ ಹೊಸದಾಗಿ ಕಟ್ಟುವುದು ಒಂದು. ಅದನ್ನು ಎತ್ತಿ ಆಚೆಗಿಟ್ಟು, ಕಂಪನಿಯಲ್ಲೇ ಟರ್ಬೊ ಸಮೇತ ಹುಟ್ಟಿದ ಬೇರೊಂದು ಎಂಜಿನ್ ತಂದು ಕೂರಿಸುವುದು ಇನ್ನೊಂದು.

ಮುಜಫ್ಫರ್ ಎರಡನೆಯ ಪಕ್ಷ. "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ ಮೇಡಂ, ಟರ್ಬೊನೂ ಹಂಗೇ. ಹುಟ್ಟುತ್ತಾನೇ ಇದ್ರೆ ತಲೆನೋವಿಲ್ಲ. ನಾವ್ ಕಟ್ಟಿದ್ದು ಯಾವತ್ತಿದ್ರೂ ನಾವ್ ಕಟ್ಟಿದ್ದೇ" ಎಂದು ಡಬ್ಬದ ಮೇಲಿಂದಲೇ ಉಪದೇಶ ಮಾಡುತ್ತಾರೆ.

ದಿವ್ಯ ಮೊದಲನೆಯ ಪಕ್ಷ. "ಆ ಎಂಜಿನ್ ನಲವತ್ತು ಕೆಜಿ ಜಾಸ್ತಿ ತೂಗುತ್ತೆ ಭಾಯ್. ಅಷ್ಟೂ ಮೂಗಿನ ಮೇಲೆ. ಸ್ಟೀರಿಂಗ್ ತಿರುಗಿಸಿದ್ರೆ ಕಾರು ಆಮೇಲೆ ಯೋಚನೆ ಮಾಡಿ ತಿರುಗುತ್ತೆ. ನಂಗಿರೋದೇ ತಿರುವು, ಅದನ್ನೂ ಕಳ್ಕೊಂಡ್ರೆ ಇನ್ನೇನ್ ಉಳೀತು?" ಎನ್ನುತ್ತಾಳೆ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ತೀರ್ಪು ಇಬ್ಬರ ಕೈಯಲ್ಲೂ ಇಲ್ಲ, ಒಳಗಿನ ಮೇಜಿನ ಮೇಲಿದೆ. ಕೊಳವೆಗಳ ಗೋಡೆ ದಪ್ಪ ಇದ್ದರೆ ಕಟ್ಟಬಹುದು. ತೆಳ್ಳಗಿದ್ದರೆ ಟರ್ಬೊದ ಮೊದಲ ನಾಲ್ಕು ಹೊಡೆತಕ್ಕೇ ಗೋಡೆ ಸೀಳಿ, ಎಂಜಿನ್ ತಣಿಸಲು ಸುತ್ತ ಹರಿಯುವ ನೀರು ಒಳಗೆ ನುಗ್ಗುತ್ತದೆ.

ಈ ತೀರ್ಪು ಹೇಳುವ ಅಧಿಕಾರ ಜೈನಾಬ್ ಅವರಿಗೆ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ 'ಚೆಕಿಂಗ್ ಹುಡುಗಿ'ಯಾಗಿ ಸೇರಿದವರು. ಬೆರಳುದ್ದದ ಬಿಡಿಭಾಗಗಳನ್ನು ಅಳೆದು, ಸರಿ ಇದ್ದದ್ದು ಬಲಕ್ಕೆ, ತಪ್ಪಿದ್ದು ಎಡಕ್ಕೆ ಹಾಕುವ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದರು. ಆಮೇಲೆ ಮಾಲೀಕರು ಕಾರ್ಖಾನೆ ಮುಚ್ಚಿದರು. ಕೊನೆಯ ದಿನ ಎಲ್ಲರಿಗೂ ಒಂದೊಂದು ಗೋಡೆ ಗಡಿಯಾರ ಉಡುಗೊರೆ ಬಂತು. ಜೈನಾಬ್ ಗಡಿಯಾರವನ್ನು ಮೇಜಿನ ಮೇಲೆ ವಾಪಸಿಟ್ಟು, ಪೆಟ್ಟಿಗೆ ಮುರಿದಿದೆ ಎಂದು ಮೂಲೆಗೆ ಹಾಕಿದ್ದ ಹಳೆಯ ಬೋರ್ ಗೇಜನ್ನು ತೋರಿಸಿ, "ಸಾರ್, ಇದ್ರ ಬದಲು ಅದು ಕೊಡಿ" ಎಂದರು. ಇವತ್ತು ಅವರ ಕೈಯಲ್ಲಿರುವುದು ಅದೇ ಗೇಜು. "ಮನೇಲಿ ಆಗ್ಲೇ ಗಡಿಯಾರ ಇತ್ತು" ಎಂಬುದು ಅದಕ್ಕೆ ಅವರು ಕೊಡುವ ಕಾರಣ.

ಅಣ್ಣನ ಶೆಡ್ಡಿಗೆ ಬಂದಾಗ ಸ್ವಾಗತವೇನೂ ಸಿಗಲಿಲ್ಲ. ಮೆಕ್ಯಾನಿಕ್ಕುಗಳು ಬ್ಲಾಕು ತಂದವರು ಹೆಂಗಸನ್ನು ನೋಡಿ, "ಭಾಯ್ ಇಲ್ವಾ? ಆಮೇಲೆ ಬರ್ತೀವಿ" ಎಂದು ತಿರುಗಿ ಹೋಗುತ್ತಿದ್ದರು. ಕೆಲವರು ಇವರ ಅಳತೆ ಬರೆದುಕೊಂಡು, ಪಕ್ಕದ ರಸ್ತೆಯಲ್ಲಿ ಮತ್ತೊಮ್ಮೆ ಅಳೆಸಿ, ಎರಡೂ ಒಂದೇ ಬಂದಾಗ ಸುಮ್ಮನಾಗುತ್ತಿದ್ದರು. ಒಳ್ಳೆಯದು ಅಂತ ಮಾತ್ರ ಯಾರೂ ಹೇಳಲಿಲ್ಲ. ಗೂಡ್ಸ್ ಆಟೊ ಓಡಿಸುವ ಗಂಡ ಉಜೈರ್ ಒಬ್ಬರೇ, "ನೀನು ಬೇಗ ಹೋಗು, ತಿಂಡಿ ನಾನ್ ಮಾಡ್ತೀನಿ" ಎಂದವರು. ಅಂದು ಹಿಡಿದ ಸೌಟನ್ನು ಅವರು ಇಂದಿಗೂ ಕೆಳಗಿಟ್ಟಿಲ್ಲ. ಉಪ್ಪಿಟ್ಟು ಮಾತ್ರ ಇನ್ನೂ ಹದ ಬಂದಿಲ್ಲ ಎಂಬ ದೂರು ಜೈನಾಬ್ ಅವರದು.

ಅವರ ಹೆಸರು ಊರಿಗೆ ಗೊತ್ತಾದದ್ದು ಒಂದು ತಪ್ಪಿನಿಂದ. ಶೆಡ್ಡಿಗೆ ಬಂದ ಮೊದಲ ವರ್ಷ, ಯಲಹಂಕದ ವಿಜಯ್ ಕುಮಾರ್ ಎಂಬವರ ಟ್ಯಾಕ್ಸಿ ವ್ಯಾನಿನ ಬ್ಲಾಕು ಬಂದಿತ್ತು. ಬಿಸಿನೀರಿನಲ್ಲಿ ತೊಳೆದ ಬ್ಲಾಕನ್ನು, ಆರುವ ಮುಂಚೆ, ಅವಸರದಲ್ಲಿ ಅಳೆದುಬಿಟ್ಟರು. ಹಿಗ್ಗಿದ್ದ ಕೊಳವೆ ಸರಿಯಾಗಿದೆ ಎಂದಿತು. ತಣ್ಣಗಾದ ಮೇಲೆ ಇಪ್ಪತ್ತು ಮೈಕ್ರಾನ್ ಕಿರಿದಾಗಿತ್ತು. ತಲೆಗೂದಲಿನ ದಪ್ಪದ ಮೂರರಲ್ಲೊಂದು ಪಾಲೂ ಇಲ್ಲ. ಅಷ್ಟು ಸಾಕಾಯಿತು. ಏರ್‌ಪೋರ್ಟ್ ರಸ್ತೆಯಲ್ಲಿ ಹುಣಸಮಾರನಹಳ್ಳಿ ಹತ್ತಿರ, ವ್ಯಾನಿನ ತುಂಬ ವಿಮಾನಕ್ಕೆ ಹೊರಟ ಜನ ಇದ್ದಾಗ, ಪಿಸ್ಟನ್ನು ಕಚ್ಚಿಕೊಂಡು ಎಂಜಿನ್ ನಿಂತುಹೋಯಿತು.

ಗ್ಯಾರೇಜುಗಳಲ್ಲಿ ಇಂಥ ಹೊತ್ತಿಗೆಂದೇ ಒಂದು ಸಂಪ್ರದಾಯವಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಡೊಂಕಾಗುವುದು ಒಂದೋ ಆಯಿಲ್ಲು, ಇಲ್ಲವೇ ಪಿಸ್ಟನ್ ಕಂಪನಿ, ಎರಡೂ ಅಲ್ಲದಿದ್ದರೆ ಡ್ರೈವರು. ಸಿಟ್ಟಿನಿಂದ ಬಂದು ನಿಂತ ವಿಜಯ್ ಕುಮಾರ್ ಅವರಿಗೆ ಮುಜಫ್ಫರ್ ಪದ್ಧತಿ ಪ್ರಕಾರ, "ಯಾವ ಆಯಿಲ್ ಹಾಕ್ಸಿದ್ರಿ ಸಾರ್?" ಎಂದು ಶುರು ಮಾಡಿದ್ದರು. ಒಳಗಿಂದ ಬಂದ ಜೈನಾಬ್, "ಆಯಿಲ್ ಅಲ್ಲ ಸಾರ್, ನಾನು. ಬಿಸಿ ಬ್ಲಾಕ್ ಅಳೆದುಬಿಟ್ಟೆ. ತಪ್ಪು ನಂದೇ" ಎಂದುಬಿಟ್ಟರು. ಆವತ್ತು ಅಣ್ಣ ತಂಗಿ ದಖ್ಖನಿಯಲ್ಲಿ ಜಗಳ ಆಡಿದರು. ಗಿರಾಕಿಗಳ ಎದುರು ಇಬ್ಬರದೂ ಕನ್ನಡ. ಜಗಳಕ್ಕೆ ಮಾತ್ರ ಮನೆಮಾತೇ ಆಗಬೇಕು.

ಆದರೆ ವಿಜಯ್ ಕುಮಾರ್ ಬೈಯಲಿಲ್ಲ. ಮೂವತ್ತು ವರ್ಷದ ಸರ್ವೀಸಿನಲ್ಲಿ ಗ್ಯಾರೇಜಿನವರೊಬ್ಬರು ತಪ್ಪು ನನ್ನದು ಅಂದದ್ದನ್ನು ಅವರು ಅದೇ ಮೊದಲು ಕೇಳಿದ್ದು. ಎಂಜಿನ್ನನ್ನು ಮತ್ತೆ ಅಲ್ಲೇ ಬಿಟ್ಟು ಹೋದರು, ಹೋಗಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲೆಲ್ಲ ಹೇಳಿದರು. "ಯಶವಂತಪುರದಲ್ಲಿ ಒಬ್ರು ಅಕ್ಕ ಇದಾರೆ ಕಣ್ರೀ, ಸುಳ್ಳು ಹೇಳಕ್ಕೇ ಬರಲ್ಲ" ಎಂದು. ಹೆಬ್ಬಾಳ, ಯಲಹಂಕ, ಜಾಲಹಳ್ಳಿಯಿಂದ ಬ್ಲಾಕುಗಳು ಬರತೊಡಗಿದ್ದು ಅಲ್ಲಿಂದಾಚೆಗೆ. ಬ್ಲಾಕನ್ನು ರಾತ್ರಿಯಿಡೀ ಮಲಗಿಸುವ ನೇಮವೂ ಅಂದೇ ಹುಟ್ಟಿತು.

ಈಗ ದಿನಕ್ಕೆ ಮೂರು ಬ್ಲಾಕು. ಒಂದು ಕೊಳವೆಯಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಜಾಗ. ಒಂದೊಂದು ಜಾಗದಲ್ಲೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ನಾಲ್ಕು ಕೊಳವೆಗೆ ಇಪ್ಪತ್ತನಾಲ್ಕು ಅಳತೆ. ಎಲ್ಲವೂ ಎರಡೆರಡು ಸಲ. ಟರ್ಬೊದ ಮಾತು ಬಂದರೆ ಇನ್ನೊಂದು ಸುತ್ತು: ಕೊಳವೆಯ ಗೋಡೆಗೆ ಗ್ಲಿಸರಿನ್ ಸವರಿ, ಅಂಗೈಯಗಲದ ಯಂತ್ರದ ಗುಂಡಿಯನ್ನು ಒತ್ತಿ ಹಿಡಿದು ಗೋಡೆಯ ದಪ್ಪ ನೋಡುವುದು. ಎಲ್ಲವೂ ಶಾಲೆಯ ಎಕ್ಸರ್‌ಸೈಜ್ ಪುಸ್ತಕಗಳಿಗೆ ಏರುತ್ತದೆ. ಒಂಬತ್ತು ವರ್ಷಕ್ಕೆ ಮೂವತ್ತೊಂದು ಪುಸ್ತಕ. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ, ಎಡಗಣ್ಣಿಗೆ ಕನ್ನಡಕ ಬಂದಿದೆ. ಇಷ್ಟೆಲ್ಲ ಬರೆದಿಟ್ಟು ಏನು ಮಾಡ್ತೀಯ, ತೂಕಕ್ಕೆ ಹಾಕು ಎಂದು ಅಣ್ಣ ರೇಗಿಸುತ್ತಲೇ ಇರುತ್ತಾರೆ.

ಏಳೂ ಕಾಲಿಗೆ ಶಟರು ಪೂರ್ತಿ ಏಳುತ್ತದೆ. ದಿವ್ಯ ಒಳಗೆ ಬಂದು ಜೈನಾಬ್ ಮುಖ ನೋಡುತ್ತಾಳೆ. ಆ ಮುಖದಲ್ಲಿ ಏನೂ ಕಾಣುವುದಿಲ್ಲ. ಇಪ್ಪತ್ತು ವರ್ಷ ಸರಿ-ತಪ್ಪು ವಿಂಗಡಿಸಿದ ಮುಖ ಅದು.

"ನೋಡಮ್ಮ ದಿವ್ಯ, ಇದು ಎರಡು ಸಲ ಬೋರ್ ಆಗಿದೆ. ನಿನಗಿಂತ ಮುಂಚೆ ಇಟ್ಕೊಂಡಿದ್ದೋರು ಕೊರೆಸಿ ಕೊರೆಸಿ ದೊಡ್ಡದು ಮಾಡಿದಾರೆ. ಅದೂ ಪರವಾಗಿಲ್ಲ ಅನ್ಬಹುದಿತ್ತು. ಆದ್ರೆ ಮೂರನೇ ಕೊಳವೆ ಎರಕ ಹೊಯ್ಯೋವಾಗ್ಲೇ ಸ್ವಲ್ಪ ವಾಲಿದೆ. ಒಂದು ಕಡೆ ಗೋಡೆ ಆರು ಮಿಲಿಮೀಟರ್, ಇನ್ನೊಂದು ಕಡೆ ಎರಡು ಪಾಯಿಂಟ್ ಒಂಬತ್ತು. ಹಿಂಗೇ ಓಡ್ಸಿದ್ರೆ ಇನ್ನೂ ಹತ್ತು ವರ್ಷ ಓಡುತ್ತೆ. ಟರ್ಬೊ ಹಾಕಿದ್ರೆ ಹತ್ತು ನಿಮಿಷ."

"ಒಳಗೊಂದು ಹೊಸ ಕೊಳವೆ, ಲೈನರ್ ಹಾಕಿದ್ರೆ ಆಂಟಿ?"

"ಲೈನರ್ ಕೂರಿಸ್ಬೇಕಂದ್ರೆ ಇನ್ನೂ ಕೊರೀಬೇಕು. ಎಲ್ಲಿದೆ ಕೊರಿಯೋಕೆ?"

ಅಳುವ ಹುಡುಗಿಯಲ್ಲ ದಿವ್ಯ, ಆದರೆ ಕಣ್ಣು ಬ್ಲಾಕಿನ ಮೇಲೆಯೇ ನೆಟ್ಟಿದೆ. ಮುಜಫ್ಫರ್ ಆಗಲೇ ಫೋನು ತೆಗೆದಿದ್ದಾರೆ. "ಹಂಗಾದ್ರೆ ಎಂಜಿನ್ ಬದಲಾಯಿಸೋದೇ. ಸಂಜೆಗೆ ತರಿಸ್ತೀನಿ" ಎನ್ನುತ್ತಾರೆ. ಅವರ ದನಿಯಲ್ಲಿ ಗೆದ್ದ ಸಂತೋಷ ಇಲ್ಲ ಎಂದರೆ ಸುಳ್ಳಾದೀತು.

"ಫೋನ್ ಇಡು ಭಾಯ್" ಎನ್ನುತ್ತಾರೆ ಜೈನಾಬ್. "ಎಂಜಿನ್ ಬದಲಾಯ್ಸಿ ಅಂದ್ನಾ ನಾನು? ಈ ಬ್ಲಾಕ್ ಬೇಡ ಅಂದೆ."

ಅವರು ಕಪಾಟಿನ ಕೆಳಗಿನ ಅರೆಗೆ ಕೈ ಹಾಕಿ ಪುಸ್ತಕಗಳನ್ನು ಒಂದೊಂದಾಗಿ ಈಚೆಗೆ ಎಳೆಯುತ್ತಾರೆ. ಇದೇ ಮಾದರಿಯ ಎಷ್ಟೋ ಬ್ಲಾಕುಗಳು ಈ ಮೇಜಿನ ಮೇಲೆ ಮಲಗಿ ಎದ್ದು ಹೋಗಿವೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಯಾಕೆ? ಹನ್ನೊಂದನೆಯ ಪುಸ್ತಕದಲ್ಲಿ ಅವರ ಬೆರಳು ನಿಲ್ಲುತ್ತದೆ. ಆರು ವರ್ಷದ ಹಿಂದಿನ ಬರಹ: ಮುನಿಆಂಜಿನಪ್ಪ, ಮಾಕಳಿ. ಒಂದು ಸಲವೂ ಕೊರೆಯದ ಕೊಳವೆಗಳು. ಗೋಡೆ ಎಲ್ಲೂ ಐದು ಪಾಯಿಂಟ್ ಮೂರಕ್ಕಿಂತ ಕಡಿಮೆ ಇಲ್ಲ. ಪಕ್ಕದಲ್ಲಿ, ಅವರದೇ ಕೈಬರಹದಲ್ಲಿ, 'ಚಿನ್ನ' ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಆ ಕಾರಿನ ಎಂಜಿನ್ನಿನ ಮೇಲ್ಭಾಗ ಒಡೆದಿತ್ತು. ಬದಲಿ ಸಿಗದೆ ಬೇಸತ್ತ ಯಜಮಾನರು ಬ್ಲಾಕನ್ನು ವಾಪಸು ಒಯ್ದಿದ್ದರು. ಒಯ್ಯುವ ಮುಂಚೆ, ತುಕ್ಕು ಹಿಡಿಯದಿರಲೆಂದು ನಾಲ್ಕೂ ಕೊಳವೆಗೆ ದಪ್ಪಗೆ ಗ್ರೀಸು ಮೆತ್ತಿ ಕಳಿಸಿದ್ದು ಜೈನಾಬ್ ಅವರಿಗೆ ನೆನಪಿದೆ.

"ಇದ್ರೊಳಗೆ ಟರ್ಬೊ ಕಟ್ಟಬಹುದು. ಇದೇ ತೂಕ, ಇದೇ ಗೇರ್‌ಬಾಕ್ಸು. ನಿನ್ನ ಕಾರಿಗೆ ಏನೂ ಗೊತ್ತೇ ಆಗಲ್ಲ" ಎಂದು ದಿವ್ಯಳಿಗೆ ಹೇಳುತ್ತಾರೆ. "ಇದ್ರೆ."

ಆ 'ಇದ್ರೆ' ಹಿಡಿದುಕೊಂಡು ಅದೇ ಮಧ್ಯಾಹ್ನ ಉಜೈರ್ ಅವರ ಗೂಡ್ಸ್ ಆಟೊ ಮಾಕಳಿಗೆ ಹೊರಡುತ್ತದೆ. ಮುಂದೆ ಗಂಡ ಹೆಂಡತಿ, ಹಿಂದೆ ಸಾಮಾನು ತುಂಬುವ ಡಾಲದಲ್ಲಿ ದಿವ್ಯ. ಎಪ್ಪತ್ತು ದಾಟಿದ ಮುನಿಆಂಜಿನಪ್ಪ ಜಗುಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾರೆ. ಸುತ್ತಮುತ್ತ ಗೋಡೌನುಗಳು ಎದ್ದರೂ ಅವರು ಎರಡು ಹಸು ಬಿಟ್ಟಿಲ್ಲ.

"ಎಂಜಿನ್ನಾ? ಐತಲ್ಲ ತಾಯಿ. ಇಂಗ್ ಬಾ, ತೋರುಸ್ತೀನಿ" ಎಂದು ಹಿತ್ತಲಿಗೆ ಕರೆದೊಯ್ಯುತ್ತಾರೆ. ಅಲ್ಲಿ, ಕೊಟ್ಟಿಗೆಯ ಬಾಗಿಲಲ್ಲಿ, ಪುಸ್ತಕದಲ್ಲಿ 'ಚಿನ್ನ' ಎಂದು ಬರೆಸಿಕೊಂಡ ಬ್ಲಾಕು ಸಗಣಿಯ ನಡುವೆ ಬೋರಲಾಗಿ ಬಿದ್ದಿದೆ. ಅದರ ಒಂದು ಕಿಂಡಿಯಲ್ಲಿ ಹಗ್ಗ ತೂರಿಸಿದೆ. ಹಗ್ಗದ ಇನ್ನೊಂದು ತುದಿಯಲ್ಲಿ ಕೆಂದ ಬಣ್ಣದ ಹಸು ಮೆಲುಕು ಹಾಕುತ್ತಿದೆ.

"ಗೂಟ ಎಷ್ಟು ನೆಟ್ರೂ ಕಿತ್ಕಂಡ್ ಓಯ್ತಿತ್ತು ಈ ಮುಂಡೇದು. ಇದುಕ್ ಕಟ್ಟಾಕ್ದೆ ನೋಡು, ಅಲ್ಲಾಡಾಕಿಲ್ಲ."

ದಿವ್ಯಳಿಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಜೈನಾಬ್ ಸೀದಾ ಹೋಗಿ ಹಸುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬ್ಲಾಕಿನ ಅಡಿಗೆ ಕೈ ತೂರಿಸಿ, ಕೊಳವೆಯೊಳಗೆ ಬೆರಳಾಡಿಸುತ್ತಾರೆ. ಆರು ವರ್ಷದ ಗ್ರೀಸು ಮಣ್ಣು ಹಿಡಿದು ಕಪ್ಪಗೆ ಗಟ್ಟಿಯಾಗಿದೆ, ಆದರೆ ಇದೆ. ಉಗುರಿನಿಂದ ಕೆರೆದರೆ ಅಡಿಯಲ್ಲಿ ನುಣುಪು. ತುದಿಯಲ್ಲಿ ಮಾತ್ರ ಒಂದಿಷ್ಟು ತುಕ್ಕು. ಅವರು ತಲೆಯೆತ್ತಿದಾಗ, ಬೆಳಗಿನಿಂದ ಏನೂ ಕಾಣದಿದ್ದ ಮುಖದಲ್ಲಿ ಹಲ್ಲೆಲ್ಲ ಕಾಣುತ್ತಿವೆ.

"ಯಜಮಾನ್ರೆ, ಇದು ನಮಗೆ ಬೇಕಲ್ಲ."

ಮುದುಕರು ಹಸುವನ್ನು ನೋಡುತ್ತಾರೆ, ಜೈನಾಬ್ ಮುಖ ನೋಡುತ್ತಾರೆ. "ತಗಂಡೋಗವ್ವ, ನಂಗೇನು. ಆದ್ರೆ ನಮ್ ಅಸ ಏನುಕ್ ಕಟ್ಲಿ? ಇಂಥದ್ದೇ ಇನ್ನೊಂದು ತಂದಾಕಿ, ಆಮ್ಯಾಕ್ ಎತ್ಕಳಿ."

ಮಾರನೆಯ ದಿನ ದಿವ್ಯಳ ಹಳೆಯ ಬ್ಲಾಕು ಮಾಕಳಿಗೆ ಹೋಗುತ್ತದೆ. ಮುನಿಆಂಜಿನಪ್ಪ ಅದನ್ನು ಕಾಲಿನಿಂದ ನೂಕಿ ನೋಡಿ, ತೂಕಕ್ಕೆ ತಲೆದೂಗುತ್ತಾರೆ. ಟರ್ಬೊದ ಹೊಡೆತ ತಡೆಯಲಾರದ ಗೋಡೆ ಹಸುವಿನ ಜಗ್ಗಾಟಕ್ಕೆ ಧಾರಾಳವಾಗಿ ಸಾಕು. ಕಟ್ಟುವುದೋ ಬದಲಾಯಿಸುವುದೋ ಎಂದು ಎರಡು ವಾರ ಕಿತ್ತಾಡಿದವರು ಕೊನೆಗೆ ಎರಡನ್ನೂ ಮಾಡಿದ್ದರು.

ಆಮೇಲಿನ ನಾಲ್ಕು ವಾರ ಶೆಡ್ಡಿಗೆ ಪುರುಸೊತ್ತಿಲ್ಲ. ತುಕ್ಕು ಹೋಗುವಷ್ಟು ಮಾತ್ರ, ಕೂದಲೆಳೆಯಷ್ಟು ಕೊರೆಯಬೇಕು. ಮುಜಫ್ಫರ್ ಯಂತ್ರ ನಡೆಸುತ್ತಾರೆ. ನಿಲ್ಲಿಸು ಎನ್ನುವವರು ಜೈನಾಬ್. ಸ್ವಲ್ಪ ಕೊರೆದು, ಬ್ಲಾಕನ್ನು ಮಲಗಿಸಿ, ಬೆಳಿಗ್ಗೆ ಅಳೆದು, ಮತ್ತೆ ಕೊರೆದು, ಮತ್ತೆ ಮಲಗಿಸಿ. ದಿವ್ಯಳಿಗೆ ದಿನಗಳು ಜಾರುವುದಷ್ಟೇ ಕಾಣುತ್ತದೆ. "ಆಂಟಿ, ಒಂದಿನ ಮಧ್ಯಾಹ್ನನೇ ಅಳೆದುಬಿಡಿ, ಪ್ಲೀಸ್" ಎಂದು ಒಮ್ಮೆ ಅಂಗಲಾಚುತ್ತಾಳೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಜೈನಾಬ್ ಬೈಯುವುದಿಲ್ಲ. "ಒಬ್ರ ವ್ಯಾನು ರಸ್ತೇಲಿ ನಿಲ್ಸಿದೀನಮ್ಮ, ಸಾಕು" ಎಂದಷ್ಟೇ ಹೇಳುತ್ತಾರೆ. ಕೊಯಮತ್ತೂರಿನಿಂದ ಗಟ್ಟಿ ಪಿಸ್ಟನ್ನುಗಳು ಬಂದಾಗ, ಒಂದೊಂದನ್ನೂ ಬ್ಲಾಕಿನ ಪಕ್ಕ ಮಲಗಿಸಿ ಅಳೆದು, ಯಾವ ಕೊಳವೆಗೆ ಯಾವುದು ಎಂದು ಚಾಕ್‌ಪೀಸಿನಲ್ಲಿ ಬರೆಯುತ್ತಾರೆ. ರೇಸಿಗೆ ಮೂರು ದಿನ ಇರುವಾಗ ಎಂಜಿನ್ ಕಾರಿನೊಳಗೆ ಇಳಿಯುತ್ತದೆ.

ಹುಣಸಮಾರನಹಳ್ಳಿಯಾಚೆ, ಇನ್ನೂ ಸೈಟುಗಳಾಗದ ಒಂದು ಕೆಂಪು ಬಯಲು. ಜೈನಾಬ್ ಇಷ್ಟು ವರ್ಷದಲ್ಲಿ ಒಂದು ರೇಸನ್ನೂ ನೋಡಿದವರಲ್ಲ. ದಿವ್ಯ ಹಟ ಹಿಡಿದು ಅಣ್ಣ ತಂಗಿ ಇಬ್ಬರನ್ನೂ ಕರೆತಂದಿದ್ದಾಳೆ. ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡುವ ಪಂದ್ಯ. ತಲಾ ಮೂರು ಸುತ್ತು, ಅದರಲ್ಲಿ ಒಳ್ಳೆಯದೊಂದು ಲೆಕ್ಕಕ್ಕೆ. ಎರಡು ಸುತ್ತು ಮುಗಿದಾಗ ದಿವ್ಯ ನಾಲ್ಕನೆಯವಳು. ಹೊಸ ಕಸುವು ಕಾಲಿಗೆ ಇನ್ನೂ ಒಗ್ಗಿಲ್ಲ, ಅರ್ಧ ಮನಸ್ಸಿನಿಂದ ಒತ್ತುತ್ತಿದ್ದಾಳೆ. ಹೆಲ್ಮೆಟ್ಟಿನೊಳಗಿಂದಲೇ ಕೇಳುತ್ತಾಳೆ, "ಪೂರ್ತಿ ಒತ್ಲಾ ಆಂಟಿ? ತಡಿಯುತ್ತಾ?"

ಜೈನಾಬ್ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ಕಾಗದದ ಮೇಲಿನ ಅಂಕಿ ಬೇರೆ, ಅದರ ಮೇಲೆ ಒಬ್ಬಳ ಬದುಕು ಕೂತಿರುವುದು ಬೇರೆ. ಆದರೂ ಕೈಯ ಅಳತೆಯನ್ನು ನಂಬದೆ ಇನ್ನೇನನ್ನು ನಂಬುವುದು? "ಒತ್ತು. ತಡಿಯುತ್ತೆ" ಎನ್ನುತ್ತಾರೆ.

ಗೋಡೆ ಸೀಳಿದರೆ ಹಿಂದಿನಿಂದ ಬಿಳಿ ಹೊಗೆ ಬರುತ್ತದೆ, ನೀರು ಆವಿಯಾದದ್ದು. ಹಾಗಾಗಿ ಮೂರನೆಯ ಸುತ್ತಿನಲ್ಲಿ ಎಲ್ಲರೂ ಕಾರಿನ ಮೂಗು ನೋಡುತ್ತಿದ್ದರೆ ಜೈನಾಬ್ ಬಾಲ ನೋಡುತ್ತಾರೆ. ತಿರುವುಗಳನ್ನು ಕಾರು ಎಂದಿನಂತೆ ಸಲೀಸಾಗಿ ಸುತ್ತಿ ಬರುತ್ತದೆ. ನೇರ ದಾರಿಗೆ ಬಿದ್ದದ್ದೇ ತಡ, ಟರ್ಬೊ ಸಿಳ್ಳೆ ಹಾಕಿ, ಕಾರು ಎಂದೂ ಹೋಗದಷ್ಟು ಜೋರಾಗಿ ಹೋಗುತ್ತದೆ. ಅದರ ಹಿಂದೆ ಆಳೆತ್ತರದ ಮೋಡ ಏಳುತ್ತದೆ. ಧೂಳೋ ಹೊಗೆಯೋ? ಇಳಿಬಿಸಿಲಿಗೆ ಎಲ್ಲವೂ ಬಿಳಿಚಿಕೊಂಡು ಕಾಣುತ್ತದೆ. "ಯಾ ಅಲ್ಲಾಹ್" ಎಂದು ಜೈನಾಬ್ ಅಣ್ಣನ ತೋಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಬೆರಳಿನ ಗುರುತು ಎರಡು ದಿನ ಹೋಗಲಿಲ್ಲ ಎಂದು ಮುಜಫ್ಫರ್ ಈಗಲೂ ತೋಳು ತೋರಿಸುತ್ತಾರೆ.

ಕಾರು ಬಂದು ನಿಲ್ಲುತ್ತದೆ. ಜನ ದಿವ್ಯಳತ್ತ ಓಡಿದರೆ ಜೈನಾಬ್ ಎಂಜಿನ್ನಿನತ್ತ ಓಡುತ್ತಾರೆ. ಬಾನೆಟ್ಟು ಎತ್ತಿಸಿ, ಕೈಗೆ ಬಟ್ಟೆ ಸುತ್ತಿ, ಆಯಿಲ್ ಮುಚ್ಚಳ ತಿರುಗಿಸಿ, ಅದರ ಒಳಮೈಯನ್ನು ಬೆಳಕಿಗೆ ಹಿಡಿಯುತ್ತಾರೆ. ನೀರು ಸೇರಿದ್ದರೆ ಅಲ್ಲಿ ಹಾಲಿನ ಕೆನೆಯಂತೆ ಕಟ್ಟಿರಬೇಕು. ಇಲ್ಲ, ಬರೀ ಹೊಂಬಣ್ಣದ ಎಣ್ಣೆ. ಅವರು ಮುಚ್ಚಳವನ್ನು ಮೂಸಿಯೂ ನೋಡಿ, ವಾಪಸು ಬಿಗಿದು, ಆಮೇಲಷ್ಟೇ ದಿವ್ಯಳ ಕಡೆ ತಿರುಗುತ್ತಾರೆ.

"ಎಷ್ಟನೇದು ಬಂದೆ?"

"ಎರಡನೇದು ಆಂಟಿ! ಎರಡನೇದು!" ಎಂದು ದಿವ್ಯ ಹೆಲ್ಮೆಟ್ಟಿನ ಸಮೇತ ಅವರನ್ನು ಅಪ್ಪಿಕೊಳ್ಳುತ್ತಾಳೆ. ತಂಡದ ಸೀಟು ಅವಳದಾಗಿದೆ.

ವಾರದ ನಂತರ ಕಾರು ಮತ್ತೆ ಶೆಡ್ಡಿನಲ್ಲಿದೆ. ದಿವ್ಯ ಬರಿಗೈಯಲ್ಲಿ ಬಂದಿಲ್ಲ, ಪೇಂಟರನ್ನು ಕರೆತಂದಿದ್ದಾಳೆ. ಬಾಗಿಲ ಮೇಲೆ ತನ್ನ ಹೆಸರಿನ ಕೆಳಗೆ, ಅಷ್ಟೇ ದೊಡ್ಡದಾಗಿ, 'ಜೈನಾಬ್' ಎಂದು ಬರೆಸಬೇಕು ಎಂಬುದು ಅವಳ ಆಸೆ. ಮುಜಫ್ಫರ್ ಅವರಿಗೂ ಇದು ಒಪ್ಪಿಗೆ. "ಬರಿಸ್ಕೋ ಜೈನೂ. ಇಷ್ಟು ವರ್ಷ ನನ್ ಹೆಸ್ರೇ ಓಡಾಡಿದ್ದು. ಇದೊಂದ್ರ ಮೇಲಾದ್ರೂ ನಿಂದಿರ್ಲಿ" ಎನ್ನುತ್ತಾರೆ.

ಜೈನಾಬ್ ಪೇಂಟರಿಗೆ ಟೀ ಕೊಡಿಸಿ ಕಳಿಸುತ್ತಾರೆ. ಆಮೇಲೆ ಡ್ರಾಯರಿನಿಂದ ಉಕ್ಕಿನ ಅಂಕಿ ಅಚ್ಚುಗಳನ್ನೂ ಸುತ್ತಿಗೆಯನ್ನೂ ತೆಗೆದು, ಬಾನೆಟ್ಟಿನೊಳಗೆ ಬಗ್ಗಿ, ಬ್ಲಾಕಿನ ಪಕ್ಕೆಯಲ್ಲಿ ಸುಲಭಕ್ಕೆ ಕಾಣುವ ಒಂದು ಜಾಗ ಒರೆಸಿಕೊಳ್ಳುತ್ತಾರೆ. ಟಕ್, ಟಕ್, ಟಕ್. ಐದು, ಚುಕ್ಕಿ, ಎರಡು. ಅವರು ಅಳೆದ ಗೋಡೆಯ ದಪ್ಪ, ಕೊನೆಯ ಸಲ ಕೊರೆದ ಮೇಲೆ ಉಳಿದದ್ದು. ಟರ್ಬೊ ಇರುವ ತನಕ ಅದು ಇದಕ್ಕಿಂತ ತೆಳ್ಳಗಾಗಬಾರದು.

"ಮುಂದೆ ಯಾವತ್ತೋ ಇದನ್ನ ಬೇರೆ ಯಾರೋ ಬಿಚ್ತಾರೆ. ನಾನು ಇರ್ತೀನೋ ಇಲ್ವೋ" ಎಂದು ಅವರು ಅಂಕಿಯ ಮೇಲಿನ ಪುಡಿಯನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ. "ನನ್ನ ಹೆಸ್ರು ಓದಿ ಅವರೇನೂ ಕೊರಿಯೋದು ನಿಲ್ಸಲ್ಲ. ಈ ನಂಬರ್ ಓದಿದ್ರೆ ನಿಲ್ಸ್ತಾರೆ."